ಗೊರಕೆಯ ಛಂದಸ್ಸು ಮತ್ತು ಯತಿವಿಚಾರ: ಒಂದು ಪೂರ್ವಭಾವಿ ಟಿಪ್ಪಣಿ

1. ಪ್ರಸ್ತಾವನೆ

ಗೊರಕೆಯು ಮಾನವ ಅಸ್ಮಿತೆಯ ನಿಶಾಕಾಲೀನ ಅಭಿವ್ಯಕ್ತಿಯಾಗಿದ್ದು, ಅದನ್ನು ಬರಿಯ ಸದ್ದೆಂದು ಪರಿಭಾವಿಸುವುದು ವಸಾಹತುಶಾಹಿ ಜ್ಞಾನಮೀಮಾಂಸೆಯ ಫಲಿತವೇ ಆಗಿದೆ ಎಂದು ಹೇಳಬೇಕಾಗುತ್ತದೆ. ಈ ನಿಟ್ಟಿನಲ್ಲಿ ಗೊರಕೆಯ ಸಂಕಥನವನ್ನು ಅದರ ಸಾಂಸ್ಕೃತಿಕ ಪರಿಪ್ರೇಕ್ಷ್ಯದಲ್ಲಿರಿಸಿ, ಬಹುಮುಖೀ ನೆಲೆಗಳಲ್ಲಿ ಮುಖಾಮುಖಿಯಾಗಿಸಿ, ಅದರ ಒಡಲಾಳದ ಅನನ್ಯತೆಯನ್ನು ಒಡೆದು ಕಟ್ಟುವ ವಿನಮ್ರ ಪ್ರಯತ್ನವನ್ನು ಪ್ರಸ್ತುತ ಪ್ರಬಂಧವು ಕೈಗೊಂಡಿದೆ. ಈ ಕುರಿತು ಕನ್ನಡದಲ್ಲಿ ಇದುವರೆಗೆ ಗಂಭೀರ ಅಧ್ಯಯನ ನಡೆದಿಲ್ಲ ಎಂಬ ವಾಕ್ಯ ಇಲ್ಲಿ ಬರಲೇಬೇಕು. ಬಂದಿದೆ.

ಕ್ಷೇತ್ರಕಾರ್ಯಕ್ಕೆ ಊರೂರು ಅಲೆಯುವ ಪ್ರಮೇಯ ಬರಲಿಲ್ಲ. ನಮ್ಮ ಕಾಲೇಜುಗಳ ಎರಡು ದಿನದ ರಾಷ್ಟ್ರೀಯ ವಿಚಾರಸಂಕಿರಣಗಳಲ್ಲಿ ಊಟದ ನಂತರದ ಗೋಷ್ಠಿಯೊಂದೇ ಸಾಕು, ಆಕರಸಾಮಗ್ರಿ ಹೇರಳ. ಹೋಳಿಗೆ ಊಟವಿದ್ದ ದಿನ ಗೋಷ್ಠಿಯ ಅಧ್ಯಕ್ಷರೂ ಸಾಮಗ್ರಿ ಒದಗಿಸುತ್ತಾರೆ. ವೇದಿಕೆಯ ಮೇಲಿಂದ ‘ಪರಿಪ್ರೇಕ್ಷ್ಯ’ ಮೂರನೆಯ ಸಲ ಕೇಳಿಬರುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಮೊದಲ ಗೊರಕೆ ಏಳುತ್ತದೆ. ಕೊನೆಯಲ್ಲಿ ಪ್ರಬಂಧ ಓದಿದವರಿಗೂ ಮಲಗಿದವರಿಗೂ ಒಂದೇ ಪ್ರಮಾಣಪತ್ರ. ಯಾರು ಹೆಚ್ಚು ದುಡಿದರು ಎಂಬುದು ಚರ್ಚಾಸ್ಪದ.

2. ಐತಿಹಾಸಿಕ ಹಿನ್ನೆಲೆ

ಆದಿಗೊರಕೆಯ ಶ್ರೇಯಸ್ಸು ಕುಂಭಕರ್ಣನಿಗೇ ಸಲ್ಲಬೇಕು. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಅವನನ್ನು ಎಬ್ಬಿಸಲು ಗುಹೆ ಹೊಕ್ಕ ರಾಕ್ಷಸರಿಗೆ ಅವನ ಉಸಿರಿನ ರಭಸಕ್ಕೆ ಎದುರು ನಿಲ್ಲಲಾಗಲಿಲ್ಲ. ಶಂಖ ಊದಿದರು, ಭೇರಿ ಬಾರಿಸಿದರು, ಕಡೆಗೆ ಮೈಮೇಲೆ ಆನೆ ಓಡಿಸಿದರು. ಜಗತ್ತಿನ ಮೊದಲ ಸ್ಲೀಪ್ ಸ್ಟಡಿ ಲಂಕೆಯಲ್ಲೇ ನಡೆಯಿತೆಂದು ಇದರಿಂದ ನಿಸ್ಸಂದಿಗ್ಧವಾಗಿ ಸ್ಥಾಪಿತವಾಗುತ್ತದೆ. ನಿದ್ದೆಗಣ್ಣಿನವನನ್ನು ಎಬ್ಬಿಸಿದ್ದೇ ಯುದ್ಧಕ್ಕೆ ಕಳುಹಿಸಿದರೆ ಏನಾಗುತ್ತದೆ ಎಂಬುದೂ ಅಲ್ಲೇ ದಾಖಲಾಗಿದೆ.

ಪಾಶ್ಚಾತ್ಯರು ತಡವಾಗಿ ಬಂದರು. ಡಿಕನ್ಸ್ 1836–37ರಲ್ಲಿ ಬರೆದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಜೋ ಎಂಬ ಡುಮ್ಮ ಹುಡುಗ ನಿಂತಲ್ಲೇ ನಿದ್ದೆ ಹೋಗುತ್ತಾನೆ, ಗೊರಕೆ ಹೊಡೆಯುತ್ತಾನೆ. ಓದುಗರು ನೂರಿಪ್ಪತ್ತು ವರ್ಷ ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಇಂಥದೇ ಒಬ್ಬ ರೋಗಿಯನ್ನು ಕಂಡು, ಅದು ಕಾಯಿಲೆಯೆಂದು ಬರೆದು, ಕಾದಂಬರಿಯ ಹೆಸರನ್ನೇ ಅದಕ್ಕಿಟ್ಟರು.

3. ವರ್ಗೀಕರಣ

ಕನ್ನಡದಲ್ಲಿ ಯಾವುದನ್ನೇ ಆಗಲಿ ಮಾರ್ಗ, ದೇಸಿ ಎಂದು ಎರಡು ಮಾಡದೆ ಮುಂದಕ್ಕೆ ಹೋಗುವಂತಿಲ್ಲ. ಬಾಯಿ ಮುಚ್ಚಿ, ಮೂಗಿನ ಮೂಲಕ, ಸಂಯಮದಿಂದ ಹೊರಡುವುದು ಮಾರ್ಗ ಗೊರಕೆ. ಬಾಯಿ ತೆರೆದು, ಗಂಟಲಿನಿಂದ, ಪಕ್ಕದ ಮನೆಯವರನ್ನೂ ಒಳಗೊಂಡು ಜನಮುಖಿಯಾಗುವುದು ದೇಸಿ. ಎರಡರ ಸಮನ್ವಯವನ್ನು ರಾತ್ರಿಯ ಸ್ಲೀಪರ್ ಬಸ್ಸಿನ ಮೇಲಿನ ಬರ್ತ್‌ನಲ್ಲಿ ಕಾಣಬಹುದು.

ಛಂದಸ್ಸಿನ ದೃಷ್ಟಿಯಿಂದ ನೋಡಿದರೆ ಲಲಿತರಗಳೆಯ ಗೊರಕೆ ಒಂದೇ ಲಯದಲ್ಲಿ ಬೆಳಗಿನವರೆಗೂ ಹರಿಯುತ್ತದೆ. ಕವಿಗೆ ಆಯಾಸವಿಲ್ಲ, ಆಯಾಸವೆಲ್ಲ ಶ್ರೋತೃವಿಗೆ. ಷಟ್ಪದಿಯ ಗೊರಕೆಯಲ್ಲಿ ಮೂರನೆಯ ಮತ್ತು ಆರನೆಯ ಉಸಿರು ಮಿಕ್ಕವಕ್ಕಿಂತ ಉದ್ದ. ಕಂದಪದ್ಯದ ಗೊರಕೆ ಹಳಗನ್ನಡದವರಿಗೆ ಮಾತ್ರ ಸಾಧ್ಯ. ಸಾಂಗತ್ಯ, ತ್ರಿಪದಿ, ನವ್ಯ, ಬಂಡಾಯ ಎಂದು ಇನ್ನೂ ಹತ್ತು ಬಗೆ ಬರೆಯಬೇಕು. ಬರೆಯುವುದಿಲ್ಲ, ಮಾರ್ಗದರ್ಶಕರು ಪುಟ ಸಾಲದು ಎಂದರೆ ಆಗ ನೋಡೋಣ.

ಕಾನೂನಿನ ಆಯಾಮವನ್ನು ಮಾತ್ರ ಬಿಡಲಾಗದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು 45 ಡೆಸಿಬೆಲ್ ದಾಟಬಾರದು. ಮಧ್ಯಮ ವರ್ಗದ ಸಾಧಾರಣ ಗೊರಕೆಯೇ ಐವತ್ತನ್ನು ಸಲೀಸಾಗಿ ದಾಟುತ್ತದೆ. 1993ರಲ್ಲಿ ಸ್ವೀಡನ್ನಿನವನೊಬ್ಬ 93ನ್ನು ಮುಟ್ಟಿ ಗಿನ್ನೆಸ್ ಪುಸ್ತಕ ಸೇರಿದ. ಅಂದರೆ ನಮ್ಮ ಬಹುಪಾಲು ಮನೆಯ ಯಜಮಾನರು ಪ್ರತಿರಾತ್ರಿ ಕಾನೂನು ಮುರಿಯುತ್ತಿದ್ದಾರೆ. ದೂರು ಕೊಡಬೇಕಾದವರು ಪಕ್ಕದಲ್ಲೇ ಎದ್ದು ಕೂತಿದ್ದಾರೆ.

4. ಯತಿವಿಚಾರ

ಯತಿಯೆಂದರೆ ಪದ್ಯದ ಸಾಲಿನ ನಡುವಿನ ನಿಲುಗಡೆ; ಕನ್ನಡ ಕವಿಗಳು ಅದನ್ನು ಲೆಕ್ಕಿಸದವರೆಂಬ ಖ್ಯಾತಿ ಹಳೆಯದು. ಗೊರಕೆಯಲ್ಲಿ ಮಾತ್ರ ಯತಿ ಬಲು ಕಟ್ಟುನಿಟ್ಟು. ಏರುಲಯದಲ್ಲಿ ಸಾಗಿದ ಗೊರಕೆ ಥಟ್ಟನೆ ನಿಲ್ಲುತ್ತದೆ. ಮೌನ. ಸಹೃದಯನು ಮುಂದಿನ ಗಣಕ್ಕೆ ಕಿವಿಗೊಟ್ಟು ಕಾಯುತ್ತಾನೆ. ಆಮೇಲೆ ದೊಡ್ಡದೊಂದು ಗೊರ್ರ್ ಸದ್ದಿನೊಂದಿಗೆ ಮೈಯೆಲ್ಲ ಅದುರಿ ಲಯ ಮತ್ತೆ ಶುರುವಾಗುತ್ತದೆ. ಈ ಧ್ವನಿಪೂರ್ಣ ಮೌನವನ್ನು ಭಾರತೀಯ ಕಾವ್ಯಮೀಮಾಂಸೆಯ ಬೆಳಕಿನಲ್ಲಿ

ಇಲ್ಲಿಗೆ ಸಾಕು. ಆ ಮೌನದಲ್ಲಿ ಮನುಷ್ಯ ಉಸಿರಾಡುತ್ತಿಲ್ಲ.

ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಉಸಿರಿನ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಹತ್ತಿದ ಮೇಲೆ ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದ್ದರೆ ನಾಲಗೆಯ ಬುಡ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದಷ್ಟೂ ಗಾಳಿ ರಭಸದಿಂದ ನುಗ್ಗಿ ಮೆದು ಅಂಗುಳು, ಕಿರುನಾಲಗೆ, ಗಂಟಲ ಗೋಡೆಗಳನ್ನು ಅದುರಿಸುತ್ತದೆ. ಕೇಳುವುದು ಆ ಅದುರು. ದಾರಿ ಪೂರ್ತಿ ಮುಚ್ಚಿಕೊಂಡರೆ ಅದುರಲು ಗಾಳಿಯೇ ಇಲ್ಲ. ಹತ್ತು ಸೆಕೆಂಡಿಗೂ ಹೆಚ್ಚು ಹೀಗೆ ನಿಂತರೆ ವೈದ್ಯರು ಅದನ್ನು ಆಪ್ನಿಯ ಎನ್ನುತ್ತಾರೆ. ಪೂರ್ತಿ ನಿಂತದ್ದು, ಅರ್ಧ ಕಟ್ಟಿದ್ದು ಎರಡೂ ಸೇರಿ ಗಂಟೆಗೆ ಐದರೊಳಗಿದ್ದರೆ ಚಿಂತೆಯಿಲ್ಲ. ಮೂವತ್ತು ದಾಟಿದರೆ ತೀವ್ರ: ಎರಡು ನಿಮಿಷಕ್ಕೊಮ್ಮೆ ಉಸಿರುಕಟ್ಟಿ, ರಕ್ತದ ಆಮ್ಲಜನಕ ಇಳಿದು, ಮೆದುಳು ಗಾಬರಿಯಿಂದ ಎಬ್ಬಿಸಿ, ಮತ್ತೆ ನಿದ್ದೆ. ಬೆಳಗ್ಗೆ ಅವನಿಗೆ ಏನೂ ನೆನಪಿರುವುದಿಲ್ಲ. ತಲೆ ಭಾರ, ಬಾಯಿ ಒಣಗಿರುತ್ತದೆ, ಬಿಪಿ ಮಾತ್ರೆ ನುಂಗಿದರೂ ಇಳಿಯದು, ಮಧ್ಯಾಹ್ನ ಸ್ಟೀರಿಂಗ್ ಹಿಡಿದರೆ ಕಣ್ಣು ಮುಚ್ಚಿಕೊಂಡು ಬರುತ್ತದೆ. ಸ್ಟೀರಿಂಗ್ ಹಿಂದೆ ನಲವತ್ತು ಜನ ಮಲಗಿದ್ದರೂ ಅಷ್ಟೇ.

ಇದನ್ನು ಕಂಡವರು ಒಬ್ಬರೇ, ಪಕ್ಕದಲ್ಲಿ ಮಲಗಿದವರು. ಆಪ್ನಿಯ ಇರಬಹುದೇ ಎಂದು ಅಂದಾಜಿಸಲು ವೈದ್ಯರು ಬಳಸುವ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿ 2008ರಲ್ಲಿ ಟೊರಾಂಟೊದಿಂದ ಬಂತು. ಗೊರಕೆ, ಹಗಲಿನ ಸುಸ್ತು, ಬಿಪಿ, ತೂಕ, ವಯಸ್ಸು, ಕತ್ತಿನ ಸುತ್ತಳತೆ, ಗಂಡೋ ಹೆಣ್ಣೋ ಎಂಬೆಲ್ಲದರ ನಡುವೆ ಒಂದು ಪ್ರಶ್ನೆ: ನಿದ್ದೆಯಲ್ಲಿ ನೀವು ಉಸಿರು ನಿಲ್ಲಿಸಿದ್ದನ್ನು ಯಾರಾದರೂ ನೋಡಿದ್ದಾರೆಯೇ? ನೋಡಿದ್ದಾಳೆ. ವರ್ಷಗಟ್ಟಲೆ ನೋಡಿದ್ದಾಳೆ. “ರೀ, ಮಗ್ಗುಲಾಗ್ರೀ” ಎಂದು ಭುಜ ತಳ್ಳಿದ್ದಾಳೆ. ಆ ಮೌನದಲ್ಲಿ ಅವನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದ್ದಾಳೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಬೆಳಗ್ಗೆ ಕಾಫಿ ಜೊತೆ ಕೇಳಿಸಿದರೆ “ಇದು ನಂದಲ್ಲ ಕಣೇ, ಫ್ಯಾನ್ ಸದ್ದು” ಎಂಬ ಉತ್ತರ. ಮದುವೆಮನೆಯಲ್ಲಿ ಅದೇ ಗೊರಕೆಯನ್ನು ಮೈದುನಂದಿರು ಅಣಕಿಸಿ ತೋರಿಸುತ್ತಾರೆ, ಎಲ್ಲರೂ ನಗುತ್ತಾರೆ, ಅವಳೂ ನಗಬೇಕು. ಡಾಕ್ಟರ ಹತ್ತಿರ ಹೋಗುವಾಗ ಅವನು ಒಬ್ಬನೇ ಹೋಗುತ್ತಾನೆ, “ನಿದ್ದೆ ಹೇಗಿದೆ?” “ಫಸ್ಟ್ ಕ್ಲಾಸ್ ಸಾರ್.” ಅಷ್ಟಕ್ಕೆ ಮುಗಿಯಿತು. ಒಂದು ದೇಹದ ಬಗ್ಗೆ ಅತಿ ಹೆಚ್ಚು ಗೊತ್ತಿರುವವಳನ್ನು ಹೊರಗಿಟ್ಟು ಅದೇ ದೇಹದ ಚಿಕಿತ್ಸೆ ಮಾಡುವ ಈ ಪದ್ಧತಿಗೆ ನಮ್ಮ ಸೆಮಿನಾರಿನವರು ಇನ್ನೂ ಒಂದು ಸಂಸ್ಕೃತ ಪದ ಕಟ್ಟಿಲ್ಲ.

ಮಕ್ಕಳ ಗೊರಕೆಯನ್ನು ಮುದ್ದೆನ್ನುತ್ತಾರೆ. ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡ ಮಗು ರಾತ್ರಿಯಿಡೀ ಬಾಯಿ ತೆರೆದು ಉಸಿರಿಗೆ ಹೆಣಗಿ, ಬೆಳಗ್ಗೆ ಶಾಲೆಯಲ್ಲಿ ಗಮನವಿಲ್ಲದೆ ಕೂರುತ್ತದೆ, ಇಲ್ಲವೇ ಕೂತಲ್ಲಿ ಕೂರದೆ ಚಡಪಡಿಸುತ್ತದೆ. ಮೇಷ್ಟ್ರು ದಡ್ಡ ಅನ್ನುತ್ತಾರೆ, ಅಪ್ಪ ಹೊಡೆಯುತ್ತಾನೆ. ಹೆಚ್ಚಿನ ಮಕ್ಕಳಿಗೆ ಟಾನ್ಸಿಲ್, ಅಡಿನಾಯ್ಡ್ ತೆಗೆದರೆ ಉಸಿರಿನ ಬಾಧೆ ಬಹುಮಟ್ಟಿಗೆ ತಗ್ಗುತ್ತದೆ. ಇದಕ್ಕೆ ತಾತ್ವಿಕ ಚೌಕಟ್ಟು ಬೇಕಿಲ್ಲ. ಇಎನ್‌ಟಿ ಡಾಕ್ಟರರು ಒಮ್ಮೆ ಬಾಯಿ ತೆರೆಸಿ ನೋಡಿದರೆ ದಾರಿ ತಿಳಿಯುತ್ತದೆ.

ಐದನೆಯ ಅಧ್ಯಾಯಕ್ಕೆ ‘ಪರಿಹಾರದ ತಾತ್ವಿಕತೆ’ ಎಂದು ಹೆಸರಿಡುವ ಯೋಚನೆಯಿತ್ತು. ಪರಿಹಾರದಲ್ಲಿ ತಾತ್ವಿಕತೆ ಏನೂ ಇಲ್ಲ. ದಾರಿ ಎಲ್ಲಿ ಕಟ್ಟಿದೆ ಎಂದು ಮೊದಲು ನೋಡಬೇಕು, ಅಷ್ಟೇ. ಜಾಹೀರಾತಿನವರಿಗೆ ಈ ‘ಎಲ್ಲಿ’ ಬೇಕಿಲ್ಲ. ಮೂಗಿಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್, ಕಿರುಬೆರಳಿನ ಉಂಗುರ, ಗದ್ದಕ್ಕೆ ಕಟ್ಟುವ ಪಟ್ಟಿ, ಮೂಗಿಗೆ ಬಿಡುವ ತೈಲ, ಎಲ್ಲವೂ ಎಲ್ಲರ ಗೊರಕೆಗೂ ಮದ್ದು. ಮೂಗು ಕಟ್ಟಿಯೇ ಗೊರಕೆ ಬರುವವರಿಗೆ ಮೂಗಿನ ಚಿಕಿತ್ಸೆ ಒಗ್ಗೀತು. ನಾಲಗೆಯ ಬುಡ ಜಾರುವವನ ಕಿರುಬೆರಳು ಏನು ಮಾಡೀತು?

ಇನ್ನು ಕೆಲವು ಕಡೆ ನಿದ್ದೆಯ ಪರೀಕ್ಷೆಯನ್ನೇ ಮಾಡದೆ ಲೇಸರ್ ಪ್ಯಾಕೇಜ್ ಮಾರುತ್ತಾರೆ. ಅಂಗುಳನ್ನು ಕೊರೆದರೆ ಅದುರುವುದು ಕಡಿಮೆಯಾಗಿ ಸದ್ದು ನಿಲ್ಲಬಹುದು. ಒಳಗಿನ ಉಸಿರುಕಟ್ಟು ಹಾಗೇ ಉಳಿದಿದ್ದರೆ? ಮನೆಯವರನ್ನು ಎಬ್ಬಿಸುತ್ತಿದ್ದ ಏಕೈಕ ಎಚ್ಚರಿಕೆಯನ್ನೂ ಹಣ ಕೊಟ್ಟು ತೆಗೆಸಿದಂತಾಯಿತು. ಕೋಪ ಬರುವುದು ಇಂಥಲ್ಲಿ.

ಪರೀಕ್ಷೆ ಎಂದರೆ ಒಂದು ರಾತ್ರಿ ತಲೆಗೆ, ಎದೆಗೆ, ಕಾಲಿಗೆ ವೈರು, ಮೂಗಿಗೆ ನಳಿಕೆ, ಬೆರಳಿಗೆ ಕ್ಲಿಪ್ಪು ಹಾಕಿಕೊಂಡು ಮಲಗುವುದು. ಮನೆಯಲ್ಲೇ ಮಾಡುವ ಸರಳ ಪರೀಕ್ಷೆಯೂ ಇದೆ. ಉಸಿರು ಕಟ್ಟುತ್ತಿಲ್ಲ, ಬರೀ ಸದ್ದು ಎಂದಾದರೆ ತೂಕ ಇಳಿಸುವುದು, ರಾತ್ರಿಯ ಗುಂಡು ಬಿಡುವುದು, ಡಾಕ್ಟರನ್ನು ಕೇಳದೆ ನಿದ್ದೆಮಾತ್ರೆ ನುಂಗದಿರುವುದು, ಮಗ್ಗುಲಾಗಿ ಮಲಗುವುದು. ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿದುಕೊಂಡರೆ ಅಂಗಾತ ಹೊರಳಲಾಗುವುದಿಲ್ಲ. ಜೋಕಲ್ಲ, ವೈದ್ಯರೇ ಪರೀಕ್ಷಿಸಿ ನೋಡಿದ ಉಪಾಯ. ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿಯುವ ಅಚ್ಚನ್ನು ದಂತವೈದ್ಯರು ಮಾಡಿಕೊಡುತ್ತಾರೆ.

ಆಪ್ನಿಯ ತೀವ್ರವಾಗಿದ್ದರೆ ಸಿಪ್ಯಾಪ್ ಎಂಬ ಯಂತ್ರ. ಸಿಡ್ನಿಯ ಕಾಲಿನ್ ಸಲಿವನ್ 1980ರಲ್ಲಿ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ತಿರುವುಮುರುವು ಮಾಡಿ ರೋಗಿಯ ಮೂಗಿಗೆ ಗಾಳಿ ಒತ್ತಿದರು. ಗಾಳಿಯ ಒತ್ತಡ ದಾರಿಯನ್ನು ಮುಚ್ಚಗೊಡುವುದಿಲ್ಲ; ಯಂತ್ರ ಸಣ್ಣದಾಗಿದೆ, ತತ್ತ್ವ ಅದೇ. ಹಾಕಿಕೊಂಡವರು ಮೊದಲ ವಾರ ಶಪಿಸುತ್ತಾರೆ. ಮಾಸ್ಕ್ ಸರಿಯಾದ ಅಳತೆಯದಾದರೆ ಬಹಳಷ್ಟು ಜನ ಹೊಂದಿಕೊಳ್ಳುತ್ತಾರೆ. ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ, ರಾತ್ರಿಯಿಡೀ ಕರೆಂಟು ಬೇಕು. ಹಳ್ಳಿಯಲ್ಲಿ ಎರಡು ಗಂಟೆಗೆ ಲೈನ್ ಹೋದರೆ ಮಾಸ್ಕ್ ಕಿತ್ತು ಕೂರಬೇಕು. ತೀರಾ ದಪ್ಪಗಿರುವವರ ಆಪ್ನಿಯಕ್ಕೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಬೆಲೆ ಕೇಳಿದರೆ ಬೇರೆ ಬಗೆಯಲ್ಲಿ ಉಸಿರು ನಿಲ್ಲುತ್ತದೆ.

ಊದುವ ಚಿಕಿತ್ಸೆಯೂ ಇದೆ. ಆಸ್ಟ್ರೇಲಿಯದ ಮೂಲನಿವಾಸಿಗಳ ಡಿಜೆರಿಡೂ ಎಂಬ ಉದ್ದ ಕೊಳವೆಯನ್ನು ಸ್ವಿಟ್ಜರ್ಲೆಂಡಿನಲ್ಲಿ 25 ಜನರ ಮೇಲೆ ನಡೆದ ಅಧ್ಯಯನದಲ್ಲಿ ನಾಲ್ಕು ತಿಂಗಳು ಊದಿಸಿ ನೋಡಿದರು. ಊದಿದವರಿಗೆ ಹಗಲಿನ ತೂಕಡಿಕೆ ಕಡಿಮೆಯಾಯಿತು, ಪಕ್ಕದಲ್ಲಿ ಮಲಗುವವರಿಗೂ ನೆಮ್ಮದಿ. 2006ರಲ್ಲಿ ಪ್ರಕಟವಾದ ಇದಕ್ಕೆ 2017ರಲ್ಲಿ ನೊಬೆಲ್ಲಿನ ಅಣಕವಾದ ಇಗ್‌ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಸಣ್ಣ ಪ್ರಯೋಗ, ಮಧ್ಯಮ ತೀವ್ರತೆಯ ಆಪ್ನಿಯಕ್ಕೆ ಪೂರಕವಾದೀತು. ನಮ್ಮಲ್ಲಿ ಇನ್ನು ಶಂಖಕ್ಕೂ ನಾಗಸ್ವರಕ್ಕೂ ಪೂರ್ವಜರ ಸ್ಲೀಪ್ ಕ್ಲಿನಿಕ್ ಎಂಬ ಪಟ್ಟ ಕಟ್ಟಿ ಗ್ರಂಥ ಬರೆಯುವವರು ಹುಟ್ಟಿಕೊಳ್ಳುವುದೊಂದು ಬಾಕಿ.

ಮುಂದಿನ ಅಧ್ಯಯನದ ಸಾಧ್ಯತೆಗಳು

ಇದನ್ನು ಬರೆಯದಿದ್ದರೆ ಪ್ರಬಂಧ ಸ್ವೀಕಾರವಾಗುವುದಿಲ್ಲ. ಹೆಂಗಸರೂ ಗೊರಕೆ ಹೊಡೆಯುತ್ತಾರೆ. ಮುಟ್ಟು ನಿಂತ ಮೇಲೆ ಆಪ್ನಿಯದ ಅಪಾಯ ಏರುತ್ತದೆ. ಅವರು ಡಾಕ್ಟರ ಮುಂದೆ ಗೊರಕೆ ಎನ್ನುವುದು ಕಡಿಮೆ. ನಿದ್ದೆ ಬರಲ್ಲ, ತಲೆನೋವು, ಸುಸ್ತು, ಏನೋ ಬೇಜಾರು ಎನ್ನುತ್ತಾರೆ. ರಕ್ತಹೀನತೆಯ ಮಾತ್ರೆಯೋ ಮನಸ್ಸಿನ ಮಾತ್ರೆಯೋ ಸಿಗುತ್ತದೆ. ಆ ಪ್ರಶ್ನಾವಳಿಯಲ್ಲಿ ‘ಯಾರಾದರೂ ನೋಡಿದ್ದಾರೆಯೇ’ ಎಂಬಲ್ಲಿಗೆ ಬಂದಾಗ ಅವಳು ಗಂಡನ ಮುಖ ನೋಡುತ್ತಾಳೆ. ಅವನು “ಇಲ್ಲಪ್ಪ, ನನಗೆ ಅಂಥದ್ದೇನೂ ಕೇಳಿಸಿಲ್ಲ” ಎನ್ನುತ್ತಾನೆ. ಸುಳ್ಳಲ್ಲ, ಅವನು ಮಲಗಿರುತ್ತಾನೆ. ಅಲ್ಲಿಗೆ ಆ ಪ್ರಶ್ನೆಯ ಅಂಕ ಸೊನ್ನೆ. ಹೆಣ್ಣು ಎಂಬ ಕಾರಣಕ್ಕೆ ಅದೇ ಪ್ರಶ್ನಾವಳಿಯಲ್ಲಿ ಇನ್ನೊಂದು ಸೊನ್ನೆ ಆಗಲೇ ಬಿದ್ದಿರುತ್ತದೆ.