ಮೊಟ್ಟೆ ಮುಟ್ಟದ ಮೇಷ್ಟ್ರ ಫ್ಲೂ ಲಸಿಕೆ

ಮಳೆ ಹಿಡಿಯಿತೆಂದರೆ ಮೈಸೂರಿನ ಆ ನಿವೃತ್ತ ಮೇಷ್ಟ್ರ ಮನೆಯಲ್ಲಿ ಶುಂಠಿ, ಮೆಣಸು, ದೊಡ್ಡಪತ್ರೆಯ ಕಷಾಯ ಕುದಿಯಲೇಬೇಕು. ಸೊಸೆ ಲಸಿಕೆಯ ಮಾತೆತ್ತಿದರೆ, ‘ಹೋದ ವರ್ಷವೇ ಹಾಕಿಸಿಕೊಂಡೆನಲ್ಲಮ್ಮ!’ ಎಂಬ ತಕರಾರು.

ಫ್ಲೂ ವೈರಸ್ಸೋ, ವೇಷ ಬದಲಿಸುವುದರಲ್ಲಿ ಬಯಲಾಟದವರನ್ನೂ ಮೀರಿಸಿದ್ದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ 2 ಸಲ, ಫೆಬ್ರುವರಿ ಮತ್ತು ಸೆಪ್ಟೆಂಬರಿನಲ್ಲಿ, ಲಸಿಕೆಗೆ ಯಾವ ತಳಿಗಳು ಬೇಕೆಂದು ಸೂಚಿಸುತ್ತದೆ.

ಸೊಸೆ ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಬಹುತೇಕ ಫ್ಲೂ ಲಸಿಕೆಗಳಿಗೆ ವೈರಸ್ ಬೆಳೆಸುವುದು ಕೋಳಿಮೊಟ್ಟೆಯಲ್ಲಿ ಎಂದೂ ಹೇಳಿಬಿಟ್ಟಳು. ಕೇಕನ್ನೂ ಮೂಸಿ ನೋಡಿ ತಿನ್ನುವ ಮೇಷ್ಟ್ರು ಮಡಚಿದ್ದ ತೋಳನ್ನು ಥಟ್ಟನೆ ಕೆಳಗಿಳಿಸಿದರು.

ಕೊನೆಗೆ ‘ತೋಳಿಗೇನು ನಾಲಗೆ ಇದೆಯೇ?’ ಎಂದು ತಾವೇ ಪರಿಹಾರ ಕಂಡುಕೊಂಡು ಚುಚ್ಚಿಸಿಕೊಂಡರು. ರಕ್ಷಣೆ ಕೂಡಿಬರಲು ಸುಮಾರು 2 ವಾರ ಬೇಕು. ಅಷ್ಟರೊಳಗೇ ನೆಗಡಿ! ನೆಗಡಿ ತರುವ ರೈನೋವೈರಸ್ಸುಗಳೇ ಬೇರೆ, ಅವಕ್ಕೂ ಈ ಸೂಜಿಗೂ ಸಂಬಂಧವಿಲ್ಲ ಎಂದರೆ ಕೇಳಬೇಕಲ್ಲ? ‘ಎಲ್ಲಾ ಆ ಮೊಟ್ಟೆಯದೇ ಕಿತಾಪತಿ’ ಎಂದು ಬೀಗರಿಗೆ ಫೋನು ಹಚ್ಚಿದರು.