ವಾಮನನ ಸೈಕಲ್ಲಿನಲ್ಲಿ ತ್ರಿವಿಕ್ರಮ

ಸೈಕಲ್ಲಿಗಿಂತ ಗಿಡ್ಡನಾದ ಸವಾರನನ್ನು ಕನ್ನಡ ಭಾಷೆ ಎಂದೋ ಗುರುತಿಸಿ ಗೌರವಿಸಿದೆ: ಸೀಟು ಎಟುಕದ ಹುಡುಗನು ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುವ ವಿದ್ಯೆಗೆ ಒಳಪೆಡಲು ಎಂಬ ಹೆಸರಿದ್ದು, ಅದನ್ನು ಕಲಿಯುವಾಗ ಮಂಡಿ ತರಚಿಕೊಂಡವರೆಲ್ಲ ಮುಂದೆ ಅದನ್ನೇ ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ಸಂಪ್ರದಾಯವೂ ಇದೆ. ಸೈಕಲ್ಲಿಗಿಂತ ಉದ್ದನಾದವನ ಪಾಡಿಗಾದರೋ ಭಾಷೆಯಲ್ಲಿ ಹೆಸರಿಲ್ಲ, ಊರಿನಲ್ಲಿ ಮರುಕವಿಲ್ಲ. 6 ಅಡಿ 3 ಅಂಗುಲದ ಮನುಷ್ಯನು ಮಂಡಿಯಿಂದ ಹ್ಯಾಂಡಲ್ಲಿಗೆ ಗುದ್ದುತ್ತ ಬರುವುದನ್ನು ಕಂಡವರು ಸರ್ಕಸ್ಸಿನ ಕರಡಿಯನ್ನು ನೆನೆದು ನಗುತ್ತಾರೆ. ತ್ರಿವಿಕ್ರಮನಿಗೆ ಮೂರನೆಯ ಹೆಜ್ಜೆ ಇಡಲು ಬಲಿಯ ತಲೆಯಾದರೂ ಸಿಕ್ಕಿತು. ಇವನಿಗೆ ಎರಡನೆಯ ಪೆಡಲು ತುಳಿಯುವುದಕ್ಕೇ ಜಾಗವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕಟ್ಟಿದವರು 5 ಅಡಿ 4 ಅಂಗುಲ ಮೀರಿರಲಾರರೆಂದು ಊಹಿಸಲು ಅವಕಾಶವಿದೆ.

ಈ ಸಂಕಟವು ಮೌಂಟನ್ ಬೈಕಿನಲ್ಲಿ, ಅಂದರೆ ಕಲ್ಲುಮಣ್ಣಿನ ಏರಿಳಿತಗಳಿಗಾಗಿ ದಪ್ಪ ಟೈರು, ಅಗಲ ಹ್ಯಾಂಡಲು ಕೊಟ್ಟು ಮಾಡಿದ ಸೈಕಲ್ಲಿನಲ್ಲಿ, ಬಹುಕಾಲ ತೀವ್ರವಾಗಿದ್ದುದಕ್ಕೆ ಚಾರಿತ್ರಿಕ ಕಾರಣವಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯ ತರುಣರು ಬೆಟ್ಟದ ಮಣ್ಣುದಾರಿಗಳಲ್ಲಿ ಧುಮುಕಲು ಆರಿಸಿಕೊಂಡದ್ದು ಶ್ವಿನ್ ಎಕ್ಸೆಲ್ಸಿಯರಿನಂಥ ಹಳೆಯ ಗುಜರಿ ಸೈಕಲ್ಲುಗಳನ್ನು. 1976ರಲ್ಲಿ ಅವರು ಆರಂಭಿಸಿದ ಪಂದ್ಯಕ್ಕೆ ರೀಪ್ಯಾಕ್ ಎಂಬ ಹೆಸರು ಬಂದದ್ದು, ಒಂದು ಸಲ ಇಳಿಯುವಷ್ಟರಲ್ಲಿ ಹಿಂಚಕ್ರದ ಹಬ್ಬಿನೊಳಗಿನ ಬ್ರೇಕು ಕಾದು, ಗ್ರೀಸೆಲ್ಲ ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿದ್ದುದರಿಂದ. 1977ರಲ್ಲಿ ಜೋ ಬ್ರೀಜ್ ಇದೇ ಕೆಲಸಕ್ಕೆಂದು ಹೊಸ ಫ್ರೇಮು ಕಟ್ಟಿದಾಗಲೂ ಗುಜರಿಯ 26 ಇಂಚಿನ ಚಕ್ರವೇ ಉಳಿದುಕೊಂಡು, ಮುಂದೆ ಅದೇ ಶಾಸ್ತ್ರವಾಯಿತು. 29 ಇಂಚಿನ ಚಕ್ರ, ಎಂದರೆ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸವು 559 ಮಿ.ಮೀ.ಗೆ ಬದಲಾಗಿ 622 ಮಿ.ಮೀ. ಇರುವ ಚಕ್ರವು, ಗ್ಯಾರಿ ಫಿಶರ್ ಮೊದಲಾದವರ ಒತ್ತಾಸೆಯಿಂದ ಈ ಶತಮಾನದ ಆರಂಭದಲ್ಲಷ್ಟೇ ಮಾರುಕಟ್ಟೆಯಲ್ಲಿ ನೆಲೆ ಕಂಡಿತು. ನಮ್ಮ ಹಾಲಿನವನ 28 ಇಂಚಿನ ಚಕ್ರದಲ್ಲಿ ಇದೇ ವ್ಯಾಸ 635 ಮಿ.ಮೀ. ಎಂಬುದನ್ನು ಅವನಿಗೆ ಯಾರೂ ತಿಳಿಸಿದಂತಿಲ್ಲ.

ಎತ್ತರದವನು ಅಂಗಡಿಗೆ ಹೋಗಿ ತನ್ನ ಅಳತೆಯದನ್ನು ಕೇಳಿದಾಗ ದೊರೆಯುವ ಉತ್ತರ ಯಾವ ಊರಿನಲ್ಲಾದರೂ ಒಂದೇ: "ಸೀಟ್ ಎತ್ಕೊಂಡ್ರೆ ಆಯ್ತು ಸಾರ್." ತಳ್ಳಿಹಾಕುವ ಮುನ್ನ ಈ ವಾಕ್ಯವನ್ನು ಪರಿಶೀಲಿಸುವುದು ನ್ಯಾಯ. ಸೀಟ್ ಪೋಸ್ಟು, ಅಂದರೆ ಸೀಟನ್ನು ಹೊತ್ತ ಗೂಟವು, ನೆಟ್ಟಗೆ ನಿಂತಿರದೆ ಸಾಮಾನ್ಯವಾಗಿ ನೆಲದೊಡನೆ 73 ಡಿಗ್ರಿಯ ಆಸುಪಾಸಿನ ಕೋನದಲ್ಲಿ ಹಿಂದಕ್ಕೆ ವಾಲಿರುವುದರಿಂದ, ಅದನ್ನು 10 ಸೆಂ.ಮೀ. ಎಳೆದವನು ತನಗರಿವಿಲ್ಲದೆ ಸುಮಾರು 3 ಸೆಂ.ಮೀ. ಹಿಂದಕ್ಕೂ ಸರಿದಿರುತ್ತಾನೆ, ಹ್ಯಾಂಡಲು ಮಾತ್ರ ಇದ್ದಲ್ಲೇ ಇರುತ್ತದೆ. ಸಮತಟ್ಟಿನಲ್ಲಿ ಅವನು ಬಾವಿಗೆ ಇಣುಕುವವನಂತೆ ಬಾಗಿರುತ್ತಾನೆ. ಏರಿನಲ್ಲಿ ಮೈಭಾರವೆಲ್ಲ ಹಿಂಚಕ್ರದ ಮೇಲೆ ಬಿದ್ದು, ಮುಂದಿನ ಚಕ್ರವು ಬೆದರಿದ ಕುದುರೆಯಂತೆ ಕಾಲೆತ್ತುತ್ತದೆ. ಇನ್ನು ಆ ಪೋಸ್ಟಿನ ಮೇಲೆ, ಇಷ್ಟಕ್ಕಿಂತ ಹೊರಗೆಳೆಯಬಾರದೆಂದು ತಯಾರಕರು ಕೆತ್ತಿದ ಗೆರೆಯೊಂದಿದೆ. ಈ ಲಕ್ಷ್ಮಣರೇಖೆಯನ್ನು ದಾಟಿದವನಿಗೆ ರಾವಣನ ಬದಲು ಮೂಳೆ ವೈದ್ಯರು ಎದುರಾಗುವ ಸಂಭವ ಹೆಚ್ಚು.

ಅಂಗಡಿಯಾತನ ತಪ್ಪು ಇಷ್ಟೇ: ಉದ್ದದ ಪ್ರಶ್ನೆಗೆ ಅವನು ಎತ್ತರದ ಉತ್ತರ ಕೊಟ್ಟಿರುತ್ತಾನೆ. ಫ್ರೇಮನ್ನು ಸೀಟಿನ ಕೊಳವೆಯಿಂದ ಅಳೆದು 22 ಇಂಚು, 24 ಇಂಚು ಎನ್ನುವುದು ಹಳೆಯ ರೂಢಿ. ಈಗಿನ ಬಲ್ಲವರು ನೋಡುವುದು ರೀಚ್ ಎಂಬ ಅಳತೆಯನ್ನು, ಎಂದರೆ ಕ್ರ್ಯಾಂಕಿನ ಅಚ್ಚಿನ ನಡುವಿನಿಂದ ನೇರ ಮೇಲಕ್ಕೆ ಗೆರೆ ಎಳೆದು, ಆ ಗೆರೆಯಿಂದ ಹ್ಯಾಂಡಲು ಕೂರುವ ಕೊಳವೆಯ ಬಾಯಿಯವರೆಗಿನ ಅಡ್ಡದೂರವನ್ನು. ಸೀಟನ್ನು ಆಕಾಶಕ್ಕೆ ಎತ್ತಿದರೂ ಇದು ಬದಲಾಗದು. ಎಂ ಅಳತೆಯದಕ್ಕೂ ಎಕ್ಸ್‌ಎಲ್ ಅಳತೆಯದಕ್ಕೂ ಇದರಲ್ಲಿ ಸಾಮಾನ್ಯವಾಗಿ ಇರುವ ಅಂತರ 4ರಿಂದ 6 ಸೆಂ.ಮೀ.; ಇಷ್ಟಕ್ಕಾಗಿ ಅಷ್ಟು ಹಣವೇ ಎಂದು ಮನೆಯವರು ಕೇಳಿದರೆ, ಅಂಗುಲದ ಲೆಕ್ಕದಲ್ಲಿ ದುಡ್ಡು ಸುರಿಯುವುದನ್ನು ಬೆಂಗಳೂರಿನ ಸೈಟು ಕೊಂಡವರು ಆಕ್ಷೇಪಿಸುವಂತಿಲ್ಲ.

ಸೀಟಿಗೂ ಒಂದು ಲೆಕ್ಕವಿದೆ. ಟೂರ್ ಡಿ ಫ್ರಾನ್ಸ್ ಪಂದ್ಯವನ್ನು 3 ಬಾರಿ ಗೆದ್ದ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ ಸೂತ್ರದಂತೆ, ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನಂತೆ ಮೇಲಕ್ಕೆ ಒತ್ತಿ, ನೆಲದಿಂದ ಅದರ ಅಂಚಿನವರೆಗಿನ ಅಳತೆಯನ್ನು 0.883ರಿಂದ ಗುಣಿಸಬೇಕು, 90 ಸೆಂ.ಮೀ. ಕಾಲಿನವನಿಗೆ ಕ್ರ್ಯಾಂಕಿನ ಅಚ್ಚಿನಿಂದ ಸೀಟಿನ ನೆತ್ತಿಗೆ ಸುಮಾರು 79.5 ಸೆಂ.ಮೀ. ಬರುತ್ತದೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟು ಗಾತ್ರದಲ್ಲಿ ಈ ಕಾರ್ಯಕ್ಕೆ ಸರ್ವಥಾ ಯೋಗ್ಯವಾದರೂ, ವಿದ್ವಾಂಸರ ಮನೆಯಲ್ಲಿ ಈ ಪ್ರಯೋಗಕ್ಕೆ ಇಳಿಯತಕ್ಕದ್ದಲ್ಲ; ಟೆಲಿಫೋನ್ ಡೈರೆಕ್ಟರಿಗಳು ಮರೆಯಾದುದರ ನಷ್ಟ ಇಂಥ ಗಳಿಗೆಯಲ್ಲಿ ತಿಳಿಯುತ್ತದೆ.

ಮೈಗೊಪ್ಪುವ ಸೈಕಲ್ಲು ಕೊನೆಗೂ ಮನೆಗೆ ಬಂದಾಗ ಎತ್ತರದವನು ಮೊದಲು ಕಳೆದುಕೊಳ್ಳುವುದು ನೆಪವನ್ನು. ತುರಹಳ್ಳಿಯ ಕಲ್ಲುದಾರಿಯಲ್ಲಿ ಇಳಿದು ತಳ್ಳುವಾಗ ಸೈಕಲ್ಲು ಚಿಕ್ಕದೆಂಬ ಸಮಾಧಾನವಿತ್ತು. ಈಗ ಮಂಡಿ ತಾಗದೆ, ಬೆನ್ನು ಹಿಡಿಯದೆ, ಚಕ್ರ ನೆಲ ಬಿಡದೆ ಇದ್ದರೂ ಅದೇ ತಿರುವಿನಲ್ಲಿ ಏದುಸಿರು ಬರುವುದು ಯಾರ ದೋಷವೆಂಬುದು ಹಿಂದೆ ಬರುವವರಿಗೂ ಗೊತ್ತಾಗಿಬಿಡುತ್ತದೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅದನ್ನು ಹಿಂಗಾಲ ಮೇಲೆ ನಿಲ್ಲಿಸಬೇಕಾಗಿ, ನೆರೆಯವರು ಮೆಟ್ಟಿಲಿಳಿಯುವ ವ್ಯಾಯಾಮಕ್ಕೆ ಒಗ್ಗಿಕೊಳ್ಳುತ್ತಾರೆ. ಲಾಭವೂ ಇಲ್ಲದಿಲ್ಲ: ಒಂದು ರೌಂಡು ಹೊಡೆದು ಬರುತ್ತೇನೆಂದು ಹೊರಟ ಭಾವಮೈದುನನು ಅದರ ಪಕ್ಕದಲ್ಲಿ ನಿಂತು ನೋಡಿ ಕಾಫಿ ಕೇಳುತ್ತಾನೆ.

ಹಳೆಯದನ್ನು ಕೊಳ್ಳಲು ಬರುವಾತ ಬಹುಮಟ್ಟಿಗೆ 5 ಅಡಿಯ ಸುತ್ತಮುತ್ತಲಿನವನು. ಸೀಟು ಇಳಿಯುತ್ತದೆಯೇ ಎಂಬುದು ಅವನ ಮೊದಲ ಪ್ರಶ್ನೆ. ಇಳಿಯುವುದಿಲ್ಲ; ಲಕ್ಷ್ಮಣರೇಖೆ ದಾಟದಿರಲೆಂದು ಹುಡುಕಿ ತರಿಸಿದ್ದ ಉದ್ದನೆಯ ಪೋಸ್ಟು ಕೊಳವೆಯ ಅರ್ಧದಲ್ಲೇ ತಡೆದು ನಿಲ್ಲುತ್ತದೆ. ಆಗ ಮೆಕ್ಯಾನಿಕ್ಕು ಅದನ್ನು ಹೊರಗೆಳೆದು, ಹ್ಯಾಕ್ಸಾ ಬ್ಲೇಡಿನಿಂದ ಬುಡದ ನಾಲ್ಕಂಗುಲ ಕೊಯ್ದು, "ಎಕ್ಸ್‌ಟ್ರಾ ಇದ್ದಿದ್ದು ಇಷ್ಟೇ ಸಾರ್" ಎಂದು ಆ ತುಂಡನ್ನು ಎತ್ತರದವನ ಕೈಗಿಡುತ್ತಾನೆ.