ಬೆಂಗೇರಿಯ ಬಾವುಟ, ಇಬ್ಬರು ವಿಶ್ವಮಾನವರು

ನಮ್ಮೂರಿನಲ್ಲಿ ಇಬ್ಬರು ವಿಶ್ವಮಾನವರಿದ್ದಾರೆ. ಒಬ್ಬರು ಉದಾರವಾದಿ ರಾಯರು, ಇನ್ನೊಬ್ಬರು ಕಾಮ್ರೇಡ್. ಮಿರ್ಚಿ ಮುಗಿಯುವುದರೊಳಗೆ ಗಾಜಾ, ಉಕ್ರೇನ್ ಎರಡನ್ನೂ ಇತ್ಯರ್ಥ ಮಾಡುತ್ತಾರೆ. ನಮ್ಮದೇ ಊರಿನ ಬೆಂಗೇರಿಯ ಮಾತೆತ್ತಿದರೆ ಮಾತ್ರ ಚಹಾ ಹೇಳುತ್ತಾರೆ.

ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯದು. ಅಳತೆ 6×4 ಇಂಚಿನಿಂದ 21×14 ಅಡಿಯವರೆಗೆ. ಈ ಬದಿಯ ಚಕ್ರ ಆ ಬದಿಯ ಚಕ್ರದ ಮೇಲೆ ಸರಿಯಾಗಿ ಕೂರದಿದ್ದರೆ ಧ್ವಜವೇ ತಿರಸ್ಕೃತ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಸ್ಟರ್ ಬಾವುಟಕ್ಕೂ ಬಾಗಿಲು ತೆರೆಯಿತು. ಮರುವರ್ಷ ಮನೆಮನೆಯಲ್ಲೂ ತಿರಂಗಾ, ಬೆಂಗೇರಿಯಲ್ಲಿ ಮಾತ್ರ ಬೇಡಿಕೆ ಕುಸಿತ. ಪಾಲಿಸ್ಟರಿನ ತಾಯಿಬೇರು ಕಚ್ಚಾ ತೈಲ. ಅದರ ಬಹುಪಾಲು ನಮಗೆ ಬರುವುದು ಹೊರದೇಶಗಳಿಂದ. ರಾಯರಿಗೂ ಕಾಮ್ರೇಡರಿಗೂ ದಕ್ಕದ ಅಂತರರಾಷ್ಟ್ರೀಯತೆಯನ್ನು ದೇಶಭಕ್ತರು ಒಂದೇ ಆಗಸ್ಟಿನಲ್ಲಿ ಸಾಧಿಸಿದರು!

ರಾಯರಿಗೆ ಖುಷಿ. "ಅಗ್ಗ ಎಲ್ಲಿ ಸಿಗತದೋ ಅಲ್ಲೇ ಕೊಳ್ಳಬೇಕ್ರಿ. ಕೊಡಕೊಳ್ಳೂ ದೇಶಗೋಳು ಹೊಡದಾಡೂದಿಲ್ಲ." ಬ್ರಿಟನ್, ಜರ್ಮನಿಗಳೂ ಒಂದಕ್ಕೊಂದು ದೊಡ್ಡ ಗಿರಾಕಿಗಳಾಗಿದ್ದವು. 1914ರಲ್ಲಿ ಫಿರಂಗಿಗಳು ಲೆಕ್ಕದ ಪುಸ್ತಕ ನೋಡಲಿಲ್ಲ.

ಕಾಮ್ರೇಡ್ ಮೇಜು ಗುದ್ದಿದರು. "ದುಡಿಯಾವ್ಗ ದೇಶ ಇಲ್ರೀ!" ಅದೇ 1914ರ ಆಗಸ್ಟ್ 4ರಂದು ಜರ್ಮನಿಯ ಸಮಾಜವಾದಿ ಪಕ್ಷ ಸಂಸತ್ತಿನಲ್ಲಿ ಯುದ್ಧದ ಸಾಲಕ್ಕೆ ಮತ ಹಾಕಿತ್ತು, ಅದನ್ನು ನಾನು ನೆನಪಿಸಲಿಲ್ಲ, ಚಹಾದ ದುಡ್ಡು ಅವರೇ ಕೊಡುವವರಿದ್ದರು. "ಹಂಗಾದ್ರ ಬೆಂಗೇರಿ ಅಕ್ಕಾರ ಪರವೋ, ಪಾಲಿಸ್ಟರ್ ನೇಯೂ ಸೂರತ್ ಮಗ್ಗದವನ ಪರವೋ?" ಎಂದೆ. "ಅದು ಸೈದ್ಧಾಂತಿಕ ಪ್ರಶ್ನಿ" ಎಂದವರು ಎದ್ದೇ ಹೋದರು. ದುಡ್ಡು ನಾನೇ ಕೊಟ್ಟೆ.

ಗಾಂಧಿ ಹಾಗೆ ಎದ್ದು ಹೋಗಲಿಲ್ಲ. ನಮ್ಮ ವಿದೇಶಿ ಬಟ್ಟೆ ಬಹಿಷ್ಕಾರದಿಂದಲೂ ಪೆಟ್ಟು ತಿಂದಿದ್ದ ಇಂಗ್ಲೆಂಡಿನ ಲ್ಯಾಂಕಾಶೈರಿಗೆ 1931ರಲ್ಲಿ ತಾವೇ ಹೋಗಿ, ಗಿರಣಿ ಕೆಲಸಗಾರರ ನಡುವೆ ನಿಂತು, ಭಾರತದ ಹಸಿವು ಅವರ ಕಷ್ಟಕ್ಕಿಂತ ದೊಡ್ಡದೆಂದು ವಿವರಿಸಿದರು. ಬೈಯಬೇಕಾಗಿದ್ದ ಹೆಣ್ಣುಮಕ್ಕಳು ಸುತ್ತ ನೆರೆದು ಜೈಕಾರ ಹಾಕಿದರು. ತನ್ನ ನಿಲುವಿನಿಂದ ಯಾರ ಕೂಲಿ ಹೋಯಿತೋ ಅವರೆದುರು ಹೋಗಿ ನಿಲ್ಲುವುದು ಉದಾರವಾದದಲ್ಲೂ ಇಲ್ಲ, ಸಮಾಜವಾದದ ಠರಾವುಗಳಲ್ಲೂ ಇಲ್ಲ.

ನಮ್ಮ ಇಬ್ಬರು ವಿಶ್ವಮಾನವರಿಗೆ ಲ್ಯಾಂಕಾಶೈರ್ ಬೇಡ, ಬೆಂಗೇರಿಗೆ ಆಟೋ ಸಾಕು. ವಿಶ್ವೋದ್ಧಾರದ ನಡುವೆ ಬಿಡುವಾದರೆ ನೀವೂ ಹತ್ತಿರಿ. ಬರುವಾಗ ಐಎಸ್‌ಐ ಮುದ್ರೆಯ ಒಂದು ಖಾದಿ ಧ್ವಜ ಕೊಂಡು ತನ್ನಿ, ರೊಕ್ಕ ಕೊಟ್ಟು.